ತೊಕ್ಕೊಟ್ಟಿನಿಂದ ಸ್ಟೇಟ್ ಬ್ಯಾಂಕ್‌ಗೆ, ಎಡಬದಿಯ ಕಿಟಕಿ

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗುವ ಬೆಳಿಗ್ಗೆ ಎಂಟೂ ಹತ್ತರ ಬಸ್ಸು, ನೇತ್ರಾವತಿ ಹೊಳೆಯ ಈಚೆ ಇರುವ ನಮ್ಮ ತೊಕ್ಕೊಟ್ಟಿಗೆ ಬರುವಾಗಲೇ ಮುಕ್ಕಾಲು ಭಾಗ ತುಂಬಿರುತ್ತದೆ. ದೇರಳಕಟ್ಟೆಯ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮುಗಿಸಿದವರು ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿರುತ್ತಾರೆ. ಹದಿನಾಲ್ಕು ವರ್ಷಗಳಿಂದ ನಾನು ಇದೇ ದಾರಿಯಲ್ಲಿ ಹಂಪನಕಟ್ಟೆಯ ಒಂದು ಲೆಕ್ಕಪರಿಶೋಧಕರ ಕಚೇರಿಗೆ ಹೋಗಿ ಬರುತ್ತಿದ್ದೇನೆ. ಹೋಟೆಲು, ಮೊಬೈಲು, ಸಿನಿಮಾ ಎಲ್ಲದಕ್ಕೂ ಜನ ವಿಮರ್ಶೆ ಬರೆಯುತ್ತಾರೆ. ದಿನಕ್ಕೆ ಎರಡು ಬಾರಿ ನಮ್ಮನ್ನು ಹೊತ್ತುಕೊಂಡು ಹೊಳೆ ದಾಟಿಸುವ ಸಿಟಿ ಬಸ್ಸಿನ ಬಗ್ಗೆ ಯಾರೂ ಮನಸ್ಸಿಟ್ಟು ಬರೆದದ್ದನ್ನು ನಾನು ಕಂಡಿಲ್ಲ.

ಘಟ್ಟದ ಮೇಲಿನವರಿಗೆ ಮೊದಲೇ ಹೇಳಬೇಕಾದ ವಿಷಯವೊಂದಿದೆ. ಮಂಗಳೂರಿನ ಸಿಟಿ ಬಸ್ಸು ಎಂದರೆ ಬಹುತೇಕ ಖಾಸಗಿ ಬಸ್ಸು. ಸರ್ಕಾರಿ ಬಸ್ಸುಗಳು ಕೆಲವು ಮಾರ್ಗಗಳಲ್ಲಿ ಮಾತ್ರ ಇವೆ. ಬಸ್ಸಿಗೆ ದೇವಿಯ ಹೆಸರಿರಬಹುದು, ಸಂತರ ಹೆಸರಿರಬಹುದು, ಮಾಲೀಕರ ಮಗಳ ಹೆಸರಿರಬಹುದು. ಹಣೆಯ ಮೇಲೆ ಮಾರ್ಗದ ಸಂಖ್ಯೆ ಇರುತ್ತದೆ. ನಾವು ನೋಡುವುದು ಸಂಖ್ಯೆಯನ್ನು.

ಸೇವೆಯ ಗುಣದಿಂದಲೇ ಆರಂಭಿಸುತ್ತೇನೆ. ಬಸ್ಸು ಸಿಗುವುದಿಲ್ಲ ಎಂಬ ಮಾತು ಈ ಮಾರ್ಗದಲ್ಲಿ ಇಲ್ಲ. ಒಂದು ತಪ್ಪಿದರೆ ಬೆನ್ನಿಗೇ ಇನ್ನೊಂದು ಬರುತ್ತದೆ. ಹಾಗೆ ಬೆನ್ನಿಗೆ ಬರುವುದೇ ಅದರ ದೊಡ್ಡ ದೋಷ ಕೂಡ. ಹಿಂದಿನವನು ಮುಂದೆ ಹೋಗಿ ನಮ್ಮ ಜನರನ್ನು ಹತ್ತಿಸಿಕೊಂಡುಬಿಡುತ್ತಾನೆ ಎಂಬ ಆತಂಕ ಡ್ರೈವರ್‌ನ ಕಾಲಿನಲ್ಲಿಯೇ ಇರುತ್ತದೆ. ಕಲ್ಲಾಪು ದಾಟಿದ ಮೇಲೆ ಹೆದ್ದಾರಿಯಲ್ಲಿ ಎರಡು ಬಸ್ಸುಗಳು ಅಕ್ಕಪಕ್ಕ ಓಡುವಾಗ ನಾನು ಎದುರಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತೇನೆ. ಕಳೆದ ಮಳೆಗಾಲದಲ್ಲಿ ಹೀಗೊಂದು ಪೈಪೋಟಿಯಲ್ಲಿ ಬ್ರೇಕ್ ಹಾಕಿದ ಹೊಡೆತಕ್ಕೆ ನನ್ನ ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಮೊಣಕಾಲೂರಿ ಬಿದ್ದರು. ಅವರ ಚೀಲದಲ್ಲಿದ್ದ ಬಸಳೆ ಬಸ್ಸಿನ ತುಂಬ ಚೆಲ್ಲಿತು. ಕಂಡಕ್ಟರ್ ಹುಡುಗ ಬಂದು ಒಂದೊಂದೇ ದಂಟು ಹೆಕ್ಕಿ ಕೊಟ್ಟ. ಅವನ ಮುಖದಲ್ಲಿ ನಾಚಿಕೆಯಿತ್ತು. ತಪ್ಪು ಅವನದೂ ಅಲ್ಲ, ಪೂರ್ತಿಯಾಗಿ ಡ್ರೈವರ್‌ನದೂ ಅಲ್ಲ. ದಿನದ ಕಲೆಕ್ಷನ್ ನೋಡಿ ಸಂಬಳ ಲೆಕ್ಕ ಹಾಕುವ ಪದ್ಧತಿ ಇರುವವರೆಗೆ ಈ ಓಟ ನಿಲ್ಲುವುದಿಲ್ಲ ಎಂದು ಲೆಕ್ಕ ಬರೆಯುವವಳಾಗಿ ನಾನು ಖಚಿತವಾಗಿ ಹೇಳಬಲ್ಲೆ.

ಇನ್ನು ತಂತ್ರಜ್ಞಾನ. ಮೊದಲು ಕಂಡಕ್ಟರ್‌ನ ಬೆರಳುಗಳ ಸಂದಿನಲ್ಲಿ ನೋಟುಗಳು ಮಡಚಿಕೊಂಡು ನಿಂತಿರುತ್ತಿದ್ದವು. ಈಗ ಒಂದು ಕೈಯಲ್ಲಿ ಟಿಕೆಟ್ ಯಂತ್ರ, ಕುತ್ತಿಗೆಯಲ್ಲಿ ಕ್ಯೂಆರ್ ಕೋಡ್. ಟ್ಯಾಪ್ ಮಾಡುವ ಕಾರ್ಡನ್ನು ನಾನೂ ಇಟ್ಟುಕೊಂಡಿದ್ದೇನೆ, ಚಿಲ್ಲರೆಯ ಜಗಳ ತಪ್ಪಿತು. ಆದರೆ ಬಸ್ಸು ಎಲ್ಲಿದೆ ಎಂದು ತೋರಿಸುವ ಆ್ಯಪ್ ಮೇಲೆ ನನಗೆ ವಿಶ್ವಾಸ ಉಳಿದಿಲ್ಲ. ಎರಡು ನಿಮಿಷದಲ್ಲಿ ಬರುತ್ತದೆ ಎಂದು ತೋರಿಸಿದ ಬಸ್ಸು ಪರದೆಯಿಂದಲೇ ಮಾಯವಾದದ್ದನ್ನು ಹಲವು ಸಲ ಕಂಡಿದ್ದೇನೆ. ನೇತ್ರಾವತಿ ಸೇತುವೆಯ ಮೇಲೆ ಒಮ್ಮೆ ವಿದ್ಯಾರ್ಥಿನಿಯೊಬ್ಬಳ ಯುಪಿಐ ಪಾವತಿ ಅರ್ಧದಲ್ಲಿ ನಿಂತಿತು. ಖಾತೆಯಿಂದ ಹಣ ಹೋಗಿದೆ, ಇಲ್ಲಿಗೆ ಬಂದಿಲ್ಲ. ಹುಡುಗಿಗೆ ಅಳು ಬರುವಂತಾಯಿತು. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು, "ನಾಳೆ ಇದೇ ಬಸ್ಸಿಗೆ ಬರುತ್ತೀಯಲ್ಲ ತಂಗಿ, ಆಗ ನೋಡುವ" ಎಂದ. ಯಾರು ಎಲ್ಲಿ ಇಳಿಯುತ್ತಾರೆ, ಯಾರಿಗೆ ನಿನ್ನೆ ಐದು ರೂಪಾಯಿ ಬಾಕಿ ಕೊಡಬೇಕಿತ್ತು, ಇವೆಲ್ಲ ಆ ಹುಡುಗನ ತಲೆಯಲ್ಲಿ ಇರುತ್ತವೆ. ಈ ಸೇವೆಯಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದು ಆ ನೆನಪನ್ನು.

ಸೇತುವೆ ಬರುವಾಗ ಎಡಬದಿಯ ಕಿಟಕಿಯಲ್ಲಿ ಕುಳಿತುಕೊಳ್ಳಿ. ಸೇತುವೆಯ ಅಂಚಿಗೆ ಈಗ ಎತ್ತರದ ಬಲೆ ಇದೆ. ಅದರ ಕಣ್ಣುಗಳ ಸಂದಿನಿಂದ ರೈಲು ಸೇತುವೆ, ಅದರಾಚೆ ಅಳಿವೆಯ ಕಡೆಗೆ ಅಗಲವಾಗುತ್ತ ಹೋಗುವ ನದಿ ಕಾಣುತ್ತದೆ. ಜುಲೈಯಲ್ಲಿ ನೀರು ಕೆಮ್ಮಣ್ಣಿನ ಬಣ್ಣ, ಡಿಸೆಂಬರಿನಲ್ಲಿ ತಿಳಿ ಹಸಿರು. ಆ ಒಂದು ನಿಮಿಷ ನಾನು ಮೊಬೈಲ್ ಮುಟ್ಟುವುದಿಲ್ಲ.

ಉಳಿದವರು ಮುಟ್ಟುತ್ತಾರೆ, ಇಯರ್‌ಫೋನ್ ಇಲ್ಲದೆ ರೀಲ್ಸ್ ನೋಡುವವರ ಮೇಲೆ ನನಗೆ ನಿಜವಾದ ಸಿಟ್ಟಿದೆ. ಹದಿನೈದು ಸೆಕೆಂಡಿಗೊಂದು ಹಾಡಿನ ತುಂಡು, ರಾಜಕಾರಣಿಯ ಅಬ್ಬರದ ತುಂಡು, ಮತ್ತೆ ಹಾಡು. ಆದರೆ ಇದೇ ಮೊಬೈಲ್‌ಗಳಿಂದ ನನಗೆ ಬಹಳ ಇಷ್ಟವಾದ ಒಂದು ಹವ್ಯಾಸವೂ ಹುಟ್ಟಿದೆ. ಕರಾವಳಿಯ ಹುಡುಗರು ಬಸ್ಸುಗಳ ವಿಡಿಯೊ ಮಾಡುತ್ತಾರೆ. ಹೊಸ ಬಣ್ಣ ಹೊಡೆಸಿದ ಬಸ್ಸು ತಿರುವಿನಲ್ಲಿ ಬರುವುದನ್ನು ಕಾದು ನಿಂತು, ಸಂಗೀತ ಸೇರಿಸಿ ಹಂಚುತ್ತಾರೆ. ನನ್ನ ಅಕ್ಕನ ಮಗನಿಗೆ ಸಿನಿಮಾ ನಟರಿಗಿಂತ ಬಸ್ ಡ್ರೈವರ್‌ಗಳ ಹೆಸರು ಹೆಚ್ಚು ಗೊತ್ತು. ಒಬ್ಬ ದುಡಿಯುವ ಮನುಷ್ಯನನ್ನು ಹುಡುಗರು ಹೀಗೆ ಅಭಿಮಾನದಿಂದ ನೋಡುವುದು ಎಷ್ಟು ಕಡೆ ಇದೆ?

ಪಂಪ್‌ವೆಲ್ ಬಂತು. ಹತ್ತು ವರ್ಷ ಎಳೆದು 2020ರ ಜನವರಿ 31ರಂದು ತೆರೆದ ಮೇಲ್ಸೇತುವೆ ಇದು. ಆ ವರ್ಷಗಳಲ್ಲಿ ನನ್ನ ಮೊಬೈಲ್‌ಗೆ ಬರುತ್ತಿದ್ದ ಟ್ರೋಲ್‌ಗಳಲ್ಲಿ ಅರ್ಧ ಇದರವೇ. ನಾವು ನಕ್ಕೆವು, ಮುಂದಕ್ಕೆ ಕಳುಹಿಸಿದೆವು. ಈಗ ಯೋಚಿಸಿದರೆ, ಆ ನಗುವಿನಲ್ಲಿ ನಮ್ಮ ಸಿಟ್ಟು ಕರಗಿಹೋಯಿತು ಎಂದು ನನಗೆ ಬೇಸರವಾಗುತ್ತದೆ. ನಾವು ಕೇಳಲೇಬೇಕಿದ್ದ ಪ್ರಶ್ನೆಯೊಂದಿತ್ತು: ಈ ಮೇಲ್ಸೇತುವೆ ಯಾರಿಗಾಗಿ? ಕಂಕನಾಡಿಗೆ ಹೋಗುವ ಸಿಟಿ ಬಸ್ಸು ಆ ಮೇಲ್ಸೇತುವೆಯನ್ನು ಹತ್ತುವುದೇ ಇಲ್ಲ. ಸರ್ವಿಸ್ ರಸ್ತೆಗೆ ಇಳಿದು ವೃತ್ತಕ್ಕೆ ಬಂದು ಎಡಕ್ಕೆ ತಿರುಗುತ್ತದೆ. ಜೋರು ಮಳೆ ಬಂದರೆ ಅದರ ಕೆಳಗೇ ನೀರು ನಿಲ್ಲುತ್ತದೆ. ಮೇಲೆ ಕಾರುಗಳು ಹೋಗುತ್ತವೆ, ಕೆಳಗೆ ಬಸ್ಸಿನ ಮೆಟ್ಟಿಲಿಗೆ ನೀರು ತಾಗುತ್ತದೆ. ಚುನಾವಣೆಯಲ್ಲಿ ಬಸ್ಸು ಕಾಯುವವರ ಬಗ್ಗೆ ಯಾರಾದರೂ ಮಾತನಾಡಿದ್ದನ್ನು ನಾನು ಕೇಳಿಲ್ಲ.

ಮಾತನಾಡಿದ್ದು ಒಂದೇ ಸಲ, ಆಗಲೂ ನಾವು ಹೊರಗುಳಿದೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಯೋಜನೆಯನ್ನು ನಾನು ಮನಃಪೂರ್ವಕ ಒಪ್ಪುತ್ತೇನೆ. ಹೆಂಗಸರು ಹೊರಗೆ ಹೊರಟರೆ ಬಿಟ್ಟಿ ತಿರುಗಾಟ ಎಂದು ಮೂಗು ಮುರಿಯುವವರ ಜೊತೆ ಬಸ್ಸಿನಲ್ಲಿಯೇ ವಾದ ಮಾಡಿದ್ದೇನೆ. ಆದರೆ ನಮ್ಮಲ್ಲಿ ಓಡುವುದು ಖಾಸಗಿ ಬಸ್ಸು. ತೊಕ್ಕೊಟ್ಟಿನಲ್ಲಿ ನಿಲ್ಲುವ ಸರ್ಕಾರಿ ಬಸ್ಸು ಎಂದರೆ ಹೆಚ್ಚಾಗಿ ಕಾಸರಗೋಡಿನದು, ಅಂತರರಾಜ್ಯ ಬಸ್ಸಿಗೆ ಈ ಯೋಜನೆ ಅನ್ವಯವಾಗುವುದಿಲ್ಲ. ನನಗೆ ತಿಂಗಳಿಗೆ ಹತ್ತಿರ ಹತ್ತಿರ ಸಾವಿರ ರೂಪಾಯಿ ಬಸ್ಸಿಗೆ ಹೋಗುತ್ತದೆ, ಅದನ್ನು ನಾನು ತಡೆದುಕೊಳ್ಳಬಲ್ಲೆ. ಪಕ್ಕದ ಮನೆಯ ಅಕ್ಕ ಕಂಕನಾಡಿಯಲ್ಲಿ ನೆಲ ಒರೆಸುವ ಕೆಲಸಕ್ಕೆ ಹೋಗುತ್ತಾರೆ. ಮೈಸೂರಿನಲ್ಲಿರುವ ಅವರ ತಂಗಿ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾಳೆ. "ಅವಳೂ ಕರ್ನಾಟಕ, ನಾನೂ ಕರ್ನಾಟಕ ಅಲ್ಲವಾ ಮಾರಾಯ್ತಿ" ಎಂದು ಅವರು ಕೇಳಿದಾಗ ನಾನು ಕಿಟಕಿಯ ಹೊರಗೆ ನೋಡಿದೆ. ಬಸ್ಸಿನ ಮಾಲೀಕ ಯಾರೇ ಆಗಿರಲಿ, ಊರಿಗೆಲ್ಲ ಇದೊಂದೇ ಬಸ್ಸು ಇರುವಾಗ ಇದು ಸಾರ್ವಜನಿಕ ಸೇವೆಯೇ. ನೆರವು ಟಿಕೆಟ್ ಕೊಳ್ಳುವ ಹೆಂಗಸಿನ ಹಿಂದೆ ಹೋಗಬೇಕು, ಬಸ್ಸಿನ ಬಣ್ಣದ ಹಿಂದೆ ಅಲ್ಲ. ಟ್ಯಾಪ್ ಮಾಡುವ ಕಾರ್ಡು ನಮ್ಮ ಕೈಯಲ್ಲಿ ಆಗಲೇ ಇದೆ.

2025ರ ಮೇ 2ರಂದು ಕೋಮು ಬಿಗುವಿನಿಂದ ಜಿಲ್ಲೆಯಲ್ಲಿ ಬಂದ್ ಆಗಿ ಖಾಸಗಿ ಬಸ್ಸುಗಳು ಓಡಾಟ ನಿಲ್ಲಿಸಿದ್ದವು. ವಾಟ್ಸ್‌ಆ್ಯಪ್‌ನಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ತಿಳಿಯದ ಸಂದೇಶಗಳು. ಬಸ್ಸು ಮತ್ತೆ ರಸ್ತೆಗಿಳಿದ ದಿನ ಎಂಟೂ ಹತ್ತಕ್ಕೆ ಹೋಗಿ ನಿಂತೆ. ಬಸ್ಸಿನ ಗಾಜಿನ ಮೇಲೆ ದೇವಿಯ ಹೆಸರು, ಸ್ಟೇರಿಂಗ್ ಹಿಡಿದವರು ಬ್ಯಾರಿ ಮುಸ್ಲಿಮರು, ಸೀಟಿ ಊದುವವನು ಬಂಟ್ವಾಳದ ಕಡೆಯ ಹುಡುಗ, ಎಂದಿನಂತೆ. ಯಾರೂ ಏನೂ ಮಾತನಾಡಲಿಲ್ಲ. "ಅಕ್ಕ, ಒಂತೆ ಪಿರ ಪೋಲೆ" ಎಂದು ಅವನು ದಿನದ ಹಾಗೆಯೇ ಹಿಂದೆ ಸರಿಯಲು ಹೇಳಿದಾಗ ನನ್ನ ಎದೆ ಹಗುರವಾಯಿತು.

ಮಾಲೀಕರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಬಾಗಿಲಿಲ್ಲದ ಬಸ್ಸಿಗೆ ಬಾಗಿಲು ಹಾಕಿಸಿ, ಮಕ್ಕಳು ಫುಟ್‌ಬೋರ್ಡಿನಲ್ಲಿ ನೇತಾಡುವುದನ್ನು ನೋಡಲಾಗುವುದಿಲ್ಲ. ಕರ್ಕಶ ಹಾರ್ನ್ ಕೀಳಿಸಿ. ಡ್ರೈವರ್‌ಗೆ ತಿಂಗಳ ಸಂಬಳ ನಿಗದಿ ಮಾಡಿ. ಹೊಸದಾಗಿ ಊರಿಗೆ ಬಂದವರಿಗೆ: ಹತ್ತೂವರೆಯ ನಂತರ ಹತ್ತಿದರೆ ಸೀಟು ಸಿಗುತ್ತದೆ. ಜ್ಯೋತಿ ಸ್ಟಾಪಿನಲ್ಲಿ ಇಳಿಯುವವರು ಬಲ್ಮಠದಲ್ಲಿಯೇ ಎದ್ದು ನಿಲ್ಲಿ. ಸಂಜೆ ಮರಳುವಾಗ ಸ್ಟೇಟ್ ಬ್ಯಾಂಕ್‌ನಿಂದಲೇ ಹತ್ತಿ, ಹಂಪನಕಟ್ಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗ ನದಿ ಬಲಬದಿಯಲ್ಲಿ ಇರುತ್ತದೆ. ಆರೂವರೆಯ ಬಸ್ಸು ಸಿಕ್ಕಿದರೆ ನೀರಿನ ಮೇಲೆ ಇನ್ನೂ ಸ್ವಲ್ಪ ಬೆಳಕು ಉಳಿದಿರುತ್ತದೆ.