ಹಿಸ್ಟರಿ ಇದ್ದರೆ ಪುಟವೂ ಸಿಗುತ್ತೆ ಅನ್ನುವವರಿಗೆ ದುಡ್ಡು ಕೊಡಬೇಡಿ

ಮುಚ್ಚಿಹೋದ ವೆಬ್‌ಸೈಟ್‌ನ ಪುಟಗಳನ್ನು ಬ್ರೌಸರ್ ಹಿಸ್ಟರಿಯಿಂದ ತೆಗೆದುಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ.

ನಮ್ಮ ದೊಡ್ಡಮ್ಮ ಊರೂರು ತಿರುಗಿ ಬರೆದುಕೊಂಡ ಸೋಬಾನೆ ಪದಗಳನ್ನು ಒಂದು ಸಣ್ಣ ಸೈಟ್‌ನಲ್ಲಿ ಹಾಕಿದ್ದರು. ನಡೆಸುತ್ತಿದ್ದವರು ಹೇಳದೆ ಕೇಳದೆ ಮುಚ್ಚಿಬಿಟ್ಟರು. ದೊಡ್ಡಮ್ಮನ ಫೈರ್‌ಫಾಕ್ಸ್‌ನಲ್ಲಿ ಹಿಸ್ಟರಿ ಮಾತ್ರ ಹಾಗೇ ಇತ್ತು. "ಹಿಸ್ಟರಿ ಇದೆ ಅಂದ್ರೆ ಪುಟಾನೂ ಇದೆ, ತೆಗೆದುಕೊಡ್ತೀವಿ ಬಿಡಿ" ಅಂದರು ರಿಪೇರಿ ಅಂಗಡಿಯವರು. ದುಡ್ಡನ್ನು ಮೊದಲೇ ಇಸಿದುಕೊಂಡರು. ಕೊನೆಗೆ ಕೊಟ್ಟದ್ದು ಒಂದು ಎಕ್ಸೆಲ್ ಶೀಟ್. ಅದರಲ್ಲಿ ವಿಳಾಸ, ಶೀರ್ಷಿಕೆ, ನೋಡಿದ ದಿನ ಇತ್ತು. ಹಾಡಿನ ಒಂದು ಸಾಲೂ ಇರಲಿಲ್ಲ.

ಹಿಸ್ಟರಿ ಫೈಲ್‌ನಲ್ಲಿ ಇರುವುದೇ ಅಷ್ಟು. ಪುಟದ ಬರಹ ಉಳಿದಿದ್ದರೆ ಕ್ಯಾಶ್‌ನಲ್ಲಿ (cache), ಅಂದರೆ ನೋಡಿದ ಪುಟಗಳ ಪ್ರತಿಯನ್ನು ಬ್ರೌಸರ್ ಸ್ವಲ್ಪ ಕಾಲ ಇಟ್ಟುಕೊಳ್ಳುವ ಜಾಗದಲ್ಲಿ. ಅದು ಬೇರೆಯೇ ಫೋಲ್ಡರ್. ಜಾಗ ತುಂಬಿದ ಹಾಗೆ ಹಳೆಯದನ್ನು ಬ್ರೌಸರ್ ತಾನೇ ತೆಗೆದುಹಾಕುತ್ತದೆ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಏನಾದರೂ ಉಳಿದಿತ್ತೋ ಏನೋ, ಅಂಗಡಿಯವರು ಮೊದಲು ಮಾಡಿದ ಕೆಲಸವೇ ಕ್ಲೀನರ್ ಓಡಿಸಿ ಕ್ಯಾಶ್ ಖಾಲಿ ಮಾಡಿದ್ದು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇನ್ನೊಂದು ವಿಷಯ, ಇದು ಜಾಸ್ತಿ ಅಪಾಯದ್ದು. ಅವರು ಇಡೀ ಪ್ರೊಫೈಲ್ ಫೋಲ್ಡರನ್ನು, ಅಂದರೆ ಹಿಸ್ಟರಿ, ಉಳಿಸಿಟ್ಟ ಪಾಸ್‌ವರ್ಡ್ ಎಲ್ಲ ಇರುವ ಬ್ರೌಸರ್‌ನ ಫೋಲ್ಡರನ್ನು, ತಮ್ಮ ಪೆನ್ ಡ್ರೈವ್‌ಗೆ ಹಾಕಿಕೊಂಡಿದ್ದರು. ಫೈರ್‌ಫಾಕ್ಸ್‌ನಲ್ಲಿ ಪ್ರೈಮರಿ ಪಾಸ್‌ವರ್ಡ್ (ಉಳಿಸಿಟ್ಟ ಪಾಸ್‌ವರ್ಡ್‌ಗಳಿಗೆಲ್ಲಾ ಹಾಕುವ ಒಂದು ಬೀಗದಂಥ ಪಾಸ್‌ವರ್ಡ್) ಇಡದಿದ್ದರೆ, ಆ ಫೋಲ್ಡರ್ ಸಿಕ್ಕವರಿಗೆ ಉಳಿಸಿಟ್ಟ ಪಾಸ್‌ವರ್ಡ್‌ಗಳೆಲ್ಲಾ ಸಿಗುತ್ತವೆ. ಗೊತ್ತಾದ ಕೂಡಲೇ ಬ್ಯಾಂಕ್, ಇಮೇಲ್ ಪಾಸ್‌ವರ್ಡ್ ಎಲ್ಲ ಬದಲಿಸಿದೆವು.

ನಿಮಗೆ ಇಂಥದ್ದು ಬಂದರೆ ಮೊದಲು ಇಂಟರ್‌ನೆಟ್ ಕಡಿದುಹಾಕಿ. ಸತ್ತ ವಿಳಾಸವನ್ನು ಸುಮ್ನೆ ಮತ್ತೆ ಮತ್ತೆ ತೆರೆಯಬೇಡಿ. ಅಲ್ಲಿ ಈಗ ಬೇರೆ ಪುಟ ಬರುತ್ತಿದ್ದರೆ ಕ್ಯಾಶ್‌ನ ಹಳೆಯ ಪ್ರತಿ ಹೋಗಿ ಹೊಸದು ಕೂರುತ್ತದೆ. ಬ್ರೌಸರ್ ಮುಚ್ಚಿ, ಪ್ರೊಫೈಲ್ ಮತ್ತು ಕ್ಯಾಶ್ ಎರಡನ್ನೂ ನೀವೇ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಫೈರ್‌ಫಾಕ್ಸ್‌ನ ಫೈಲ್ ಮೆನುವಿನಲ್ಲಿ 'ವರ್ಕ್ ಆಫ್‌ಲೈನ್' ಒತ್ತಿ ಹಿಸ್ಟರಿಯಿಂದ ಪುಟ ತೆರೆದು ನೋಡಿ.

ಹಿಸ್ಟರಿಯ ನಿಜವಾದ ಉಪಯೋಗ ವಿಳಾಸ. ಆ ವಿಳಾಸಗಳನ್ನು ಹಳೆಯ ವೆಬ್ ಪುಟಗಳ ಪ್ರತಿ ಉಳಿಸಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ ಸೈಟ್‌ನಲ್ಲಿ ಹಾಕಿದಾಗ ದೊಡ್ಡಮ್ಮನ ಕೆಲವು ಪದಗಳು ಸಿಕ್ಕವು, ಒಂದು ಪೈಸೆ ಖರ್ಚಿಲ್ಲದೆ. ಕ್ರೋಮ್ ಬಳಸುವವರು ತಡ ಮಾಡಬೇಡಿ. 90 ದಿನಕ್ಕಿಂತ ಹಳೆಯ ಹಿಸ್ಟರಿ ಅದರಲ್ಲಿ ಉಳಿಯುವುದಿಲ್ಲ.