ಕಲ್ಯಾಣದ ಅರಮನೆ ಅಡುಗೆ ನಮ್ಮ ಮನೆ ಒಲೆಯ ಮೇಲೆ: 'ಮಾನಸೋಲ್ಲಾಸ'ದ ಅನ್ನಭೋಗ

ಎದುರಿಗೆ ತೆರೆದಿಟ್ಟುಕೊಂಡು ಸಾಲು ಸಾಲಾಗಿ ಓದುತ್ತಾ ಅಡುಗೆ ಮಾಡುವ ಪುಸ್ತಕ ಇದಲ್ಲ. ಆದರೂ ಹಲವು ವರ್ಷಗಳಿಂದ ನಮ್ಮ ಅಡುಗೆಮನೆಗೆ ಅತಿ ಜಾಸ್ತಿ ಬಂದುಹೋದ ಪುಸ್ತಕ ಇದೇ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಕರ್ತೃ ಕಲ್ಯಾಣಿ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ, ಆರನೇ ವಿಕ್ರಮಾದಿತ್ಯನ ಮಗ. ಕಾಲ 1129ರ ಆಸುಪಾಸು. ಅವನ ರಾಜಧಾನಿ ಕಲ್ಯಾಣ ಅಂದರೆ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣ. ಪುಸ್ತಕ ಸಂಸ್ಕೃತದಲ್ಲಿದೆ. ಐದು ಭಾಗ, ಒಂದೊಂದರಲ್ಲಿ 20 ಅಧ್ಯಾಯ, ಒಟ್ಟು ನೂರು. ರಾಜ್ಯಭಾರ, ಆನೆ, ರತ್ನ, ಸಂಗೀತ, ಕುಸ್ತಿ ಎಲ್ಲವೂ ಇವೆ. ಊಟದ ವಿಷಯ ಮೂರನೇ ಭಾಗದಲ್ಲಿ ಬರುತ್ತದೆ, 'ಅನ್ನಭೋಗ' ಅನ್ನುವ ಹೆಸರಿನಲ್ಲಿ. ಬರೋಡಾದ ಗಾಯಕವಾಡ ಮಾಲೆ ಅನ್ನುವ ಹಳೆಯ ಗ್ರಂಥಗಳ ಪ್ರಕಟಣಾ ಸರಣಿಯಲ್ಲಿ 1939ರಲ್ಲಿ ಬಂದ ಎರಡನೇ ಸಂಪುಟದಲ್ಲಿ ಇದು ಸಿಗುತ್ತದೆ. ನಾನು ಬಳಸುವುದು ಅದರ ಮರುಮುದ್ರಣ. ನನ್ನ ಸಂಸ್ಕೃತ ಹೈಸ್ಕೂಲಿನಷ್ಟೇ. ಪಕ್ಕದ ಓಣಿಯ ನಿವೃತ್ತ ಮೇಷ್ಟ್ರು ಜೊತೆಗೆ ಕೂತು ಓದಿಸದಿದ್ದರೆ ಮುಂದೆ ಹೋಗುತ್ತಿರಲಿಲ್ಲ.

ಮೊದಲು ಗಮನಕ್ಕೆ ಬಂದದ್ದು ಇಲ್ಲದ ಪದಾರ್ಥಗಳು. ಮೆಣಸಿನಕಾಯಿ ಇಲ್ಲ. ಶೇಂಗಾ ಇಲ್ಲ. ಟೊಮ್ಯಾಟೊ, ಆಲೂಗಡ್ಡೆ ಯಾವುದೂ ಇಲ್ಲ. ಇವೆಲ್ಲ ಅಮೆರಿಕ ಖಂಡದಿಂದ ಬಂದವು, ಪೋರ್ಚುಗೀಸರು ಈ ಕಡೆ ಕಾಲಿಟ್ಟಿದ್ದೇ 1498ರಲ್ಲಿ. ಶೇಂಗಾ ಹಿಂಡಿ, ಕೆಂಪು ಖಾರ ಇಲ್ಲದೆ ನಮ್ಮ ಕಡೆ ರೊಟ್ಟಿ ಊಟ ಯಾರು ಮಾಡುತ್ತಾರೆ? ಇಲ್ಲಿ ಖಾರಕ್ಕೆ ಕರಿಮೆಣಸು, ಶುಂಠಿ, ಸಾಸಿವೆ. ಪರಿಮಳಕ್ಕೆ ಜೀರಿಗೆ, ಇಂಗು. ಇಂಗನ್ನು ನೀರಿನಲ್ಲಿ ಕರಗಿಸಿ ಆ ನೀರು ಚಿಮುಕಿಸುವ ಕ್ರಮ ಹೇಳಿದ್ದಾನೆ. ಒಗ್ಗರಣೆಗೆ ಹಾಕುವ ಇಂಗಿಗೂ ಇದಕ್ಕೂ ತುಂಬಾ ವ್ಯತ್ಯಾಸ. ಘಾಟು ಕಡಿಮೆ, ರುಚಿ ಪಲ್ಯದ ಉದ್ದಕ್ಕೂ ಒಂದೇ ಸಮ ಹರಡುತ್ತದೆ. ಈಗ ನಮ್ಮ ಮನೆಯಲ್ಲಿ ಹೀರೇಕಾಯಿ ಪಲ್ಯಕ್ಕೆ ಇದೇ ಪದ್ಧತಿ.

ನಮ್ಮ ಮನೆಯಲ್ಲಿ ಪೂರ್ತಿ ಒಗ್ಗಿಹೋದದ್ದು ವಿದಲಪಾಕ. ಕಡಲೆ, ಅಲಸಂದಿ, ಮಸೂರ, ಹುರಿದ ತೊಗರಿ ಹೀಗೆ ಐದು ಬೇಳೆಯ ಹಿಟ್ಟು ಬೆರೆಸಿ, ಸೈಂಧವ ಉಪ್ಪು, ಅರಿಶಿನ, ಇಂಗು ಹಾಕುವುದು. ಅಳತೆ ಕೊಟ್ಟಿಲ್ಲ. ತೊಗರಿ ನಮ್ಮ ಭಾಗದ ಬೆಳೆ, ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ಹಾಗಾಗಿ ನಾನು ತೊಗರಿಯನ್ನೇ ಹೆಚ್ಚು ಹಾಕುತ್ತೇನೆ. ಅದನ್ನು ಸಣ್ಣ ಉರಿಯಲ್ಲಿ ಹುರಿಯಬೇಕು, ಹೊಟ್ಟೆಯ ಭಾಗ ಸ್ವಲ್ಪ ಕಂದು ತಿರುಗಿದ ಕೂಡಲೇ ಇಳಿಸಬೇಕು. ಅಲ್ಲಿಂದ ಮುಂದೆ ಹೋದರೆ ಹಿಟ್ಟು ಕಹಿ. ಮೊದಲ ಸಲ ಮಾಡಿದಾಗ ನಮ್ಮವ್ವ ಮೂಸಿ ನೋಡಿ, "ಇದು ಎಳ್ಳ ಅಮಾಸಿ ಭಜ್ಜಿದ್ದೇ ವಾಸನಿ ಅದ ನೋಡು" ಅಂದಳು. ಎಳ್ಳ ಅಮಾವಾಸ್ಯೆಗೆ ಚರಗಕ್ಕೆ, ಅಂದರೆ ಹೊಲದಲ್ಲಿ ಅಡುಗೆ ಚೆಲ್ಲಿ ಮಾಡುವ ಪೂಜೆಗೆ, ಒಯ್ಯುವ ಭಜ್ಜಿಯಲ್ಲೂ (ಇದು ಕರಿದ ಭಜ್ಜಿ ಅಲ್ಲ, ಬೇಯಿಸಿದ್ದು) ಕಾಳು, ಬೇಳೆ, ಕಡಲೆ ಹಿಟ್ಟು ಹೀಗೇ ಕೂಡುತ್ತವೆ. ಭಜ್ಜಿ ನೇರವಾಗಿ ಅರಮನೆಯಿಂದ ಬಂತು ಅಂತ ನಾನು ಹೇಳುವುದಿಲ್ಲ. ಆದರೆ ಹಲವು ಬೇಳೆ ಒಟ್ಟಿಗೆ ಹಾಕಿ ಇಂಗು, ಅರಿಶಿನದಲ್ಲಿ ಬೇಯಿಸುವ ಕೈಗುಣ ಈ ನೆಲದ್ದು ಅನ್ನುವುದು ಬಾಯಿಗೆ ಗೊತ್ತಾಗುತ್ತದೆ. ಈ ಪುಸ್ತಕ ನನಗೆ ಇಷ್ಟು ಹತ್ತಿರವಾಗಿದ್ದು ಇದೇ ಕಾರಣಕ್ಕೆ. ಇಲ್ಲಿನ ಅಡುಗೆ ಗೊತ್ತಿದ್ದವರಿಗೆ ಅದು ಹೇಳದೆ ಬಿಟ್ಟದ್ದೂ ಅರ್ಥ ಆಗುತ್ತದೆ.

ಸಿಹಿಯಲ್ಲಿ ಕ್ಷೀರಪ್ರಕಾರ ಮಾಡಲೇಬೇಕು. ಕಾಯಿಸಿದ ಹಾಲಿಗೆ ಹುಳಿ ಹಾಕಿ ಒಡೆಸಿ, ಸೋಸಿ, ಅಕ್ಕಿ ಹಿಟ್ಟು ಬೆರೆಸಿ, ಕರಿದು, ಸಕ್ಕರೆ ಪಾಕಕ್ಕೆ ಹಾಕುವುದು. ಒಡೆದ ಹಾಲಿನ ಸಿಹಿ ಅಂದರೆ ಬಂಗಾಳದ್ದು ಅಂತ ಸುಮಾರು ಜನ ತಿಳಿದಿದ್ದಾರೆ. ಅದು 12ನೇ ಶತಮಾನದಲ್ಲೇ ಕಲ್ಯಾಣದಲ್ಲಿತ್ತು! ನಾನು ಎಮ್ಮೆ ಹಾಲಿಗೆ ಹುಳಿ ಮಜ್ಜಿಗೆ ಹಾಕುತ್ತೇನೆ. ಒಡೆದದ್ದನ್ನು ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಬಿಟ್ಟು, ನೀರು ಹನಿಯುವುದು ನಿಂತ ಮೇಲೆ ಅಂಗೈಯಿಂದ ಚೆನ್ನಾಗಿ ನಾದಬೇಕು. ಅಂಗೈಗೆ ಜಿಡ್ಡು ಹತ್ತಿದಾಗ ಅಕ್ಕಿ ಹಿಟ್ಟು ಸೇರಿಸಬೇಕು. ಹಿಟ್ಟು ಜಾಸ್ತಿಯಾದರೆ ಉಂಡೆ ಗಟ್ಟಿ, ಕಡಿಮೆಯಾದರೆ ತುಪ್ಪದಲ್ಲಿ ಬಿಚ್ಚಿಕೊಳ್ಳುತ್ತದೆ. ಹೊರಗೆ ಕಚಕ್ ಅನ್ನುವ ಸಿಪ್ಪೆ, ಒಳಗೆ ಮೆತ್ತಗೆ. ನಮ್ಮ ಮನೆಯಲ್ಲಿ ದೀಪಾವಳಿಗೆ ಈಗ ಇದು ಖಾಯಂ.

ಉದ್ದಿನ ಹಿಟ್ಟಿನ ಇಡ್ಲಿಯಂಥ ತಿನಿಸೂ ಇದೆ, ಅಕ್ಕಿ ಸೇರಿಸದೆ, ಮೆಣಸು, ಜೀರಿಗೆ, ಇಂಗು ಹಾಕಿದ್ದು. ರುಚಿ ಪರವಾಗಿಲ್ಲ. ಮಂಡಕ ಅಂದರೆ ನಮ್ಮ ಮಂಡಿಗೆ. ಬೋರಲು ಹಾಕಿದ ಮಡಕೆಯ ಬೆನ್ನ ಮೇಲೆ ತೆಳ್ಳಗೆ ಬೇಯಿಸಬೇಕು. ಬೆಳಗಾವಿ ಕಡೆ ಈಗಲೂ ಮಾಡುವವರಿದ್ದಾರೆ. ಗ್ಯಾಸ್ ಒಲೆಯ ಮೇಲೆ ನಮಗೆ ಆಗುವ ಕೆಲಸ ಅಲ್ಲ.

ಅಕ್ಕಿಯ ಪಟ್ಟಿ ಓದಿದಾಗ ಮಾತ್ರ ಮನಸ್ಸು ಭಾರವಾಗುತ್ತದೆ. ಕೆಂಪಕ್ಕಿ, ಸುವಾಸನೆಯ ಅಕ್ಕಿ, ಸಣ್ಣದು, ದಪ್ಪದು, 60 ದಿನಕ್ಕೆ ಬರುವ ಷಾಷ್ಟಿಕ, ಹೀಗೆ ಎಂಟು ಜಾತಿ ಹೆಸರಿಸುತ್ತಾನೆ. ಈಗ ನಮ್ಮ ಅಂಗಡಿಯಲ್ಲಿ ಸಿಗುವುದು ಎರಡೋ ಮೂರೋ. ಬಿತ್ತನೆ ಬೀಜ ಉಳಿಸುವ ಕೆಲಸ ಮಾಡುವವರು ಈ ಪಟ್ಟಿಯನ್ನು ಒಮ್ಮೆಯಾದರೂ ನೋಡಬೇಕು.

ಮಾಂಸದ ಭಾಗ ದೊಡ್ಡದಿದೆ. ಕುರಿ, ಹಂದಿ, ಮೀನು, ಹೊಲದ ಇಲಿ ಕೂಡ ಇದೆ. ನಮ್ಮದು ಮಾಂಸ ತಿನ್ನುವ ಮನೆ ಅಲ್ಲ, ಆದ್ದರಿಂದ ರುಚಿಯ ಬಗ್ಗೆ ಹೇಳಲಾರೆ. ಓದಲು ಮಾತ್ರ ಈ ಪುಟಗಳೇ ಅತಿ ಸ್ಪಷ್ಟ. ಹೇಗೆ ತೊಳೆಯಬೇಕು, ಎಷ್ಟು ದಪ್ಪಕ್ಕೆ ಕೊಯ್ಯಬೇಕು ಅಂತ ಅಡುಗೆಯವನ ಪಕ್ಕದಲ್ಲಿ ನಿಂತು ಬರೆದ ಹಾಗಿದೆ.

ಒಂದು ಅಂಕ ಕಡಿಮೆ ಮಾಡಿದ್ದು ಎರಡು ಕಾರಣಕ್ಕೆ. ಇದರಲ್ಲಿ ಬಡವರ ಊಟ ಇಲ್ಲ. ದೊರೆಯ ತಟ್ಟೆ ಬಿಟ್ಟು ಆಚೆ ನೋಡುವುದಿಲ್ಲ. ಅದೇ ಊರಿನ ಕುಂಬಾರ, ಒಕ್ಕಲಿಗ ಏನು ಉಂಡರು ಅಂತ ತಿಳಿಯುವ ಆಸೆ ಹಾಗೇ ಉಳಿಯುತ್ತದೆ. ಇನ್ನೊಂದು, ನನಗೆ ಸಿಕ್ಕ ಮರುಮುದ್ರಣದ ಗುಣಮಟ್ಟ. ಹಳೆಯ ಪ್ರತಿಯನ್ನು ಸ್ಕ್ಯಾನ್ ಮಾಡಿ ಹಾಗೇ ಒತ್ತಿದ್ದಾರೆ. ಅಂಚಿನ ಶ್ಲೋಕಸಂಖ್ಯೆಗಳು ಕತ್ತರಿಸಿಹೋಗಿವೆ, ಅಂಟು ಬೇಗ ಬಿಟ್ಟಿತು. ಬೀದರಿನಲ್ಲೇ ದಾರ ಹಾಕಿ ಹೊಲಿಸಿದ ಮೇಲೆ ಗಟ್ಟಿಯಾಯಿತು. ತರಿಸುವವರು ಮೂರೂ ಸಂಪುಟ ಕೊಳ್ಳಬೇಡಿ, ಅಡುಗೆಗೆ ಎರಡನೆಯದೊಂದೇ ಸಾಕು. ಜೊತೆಗೆ ಬೇಳೆಕಾಳುಗಳ ಸಂಸ್ಕೃತ ಹೆಸರು ಕೊಡುವ ಒಂದು ನಿಘಂಟು ಇಟ್ಟುಕೊಳ್ಳಿ. ಶುರುಮಾಡುವುದಾದರೆ ವಿದಲಪಾಕದಿಂದ ಮಾಡಿ, ಸಾಮಾನೆಲ್ಲ ಮನೆಯ ಡಬ್ಬಿಗಳಲ್ಲೇ ಇರುತ್ತದೆ.