ಮೂರು ತಿರುಗಾಟ ಕಂಡ ಮೈಕ್ ಸ್ಪ್ಲಿಟರ್

ಯಕ್ಷಗಾನ ಧ್ವನಿಮುದ್ರಿಸಿಕೊಳ್ಳಲು ನಾನೇ ಬೆಸುಗೆ ಹಾಕಿ ಕಟ್ಟಿದ ಸ್ಪ್ಲಿಟರ್‌ಗೆ ಮೇಳಗಳ ವರ್ಷದ ತಿರುಗಾಟ ಮುಗಿಯುವ ದಿನವಾದ ಈ ಪತ್ತನಾಜೆಗೆ ಅಂಥ ಮೂರು ತಿರುಗಾಟ ತುಂಬಿತು. ಭಾಗವತರ ಮುಂದಿನ ಒಂದೇ ಮೈಕನ್ನು ಧ್ವನಿವರ್ಧಕದವರ ಮಿಕ್ಸರ್‌ಗೂ ನನ್ನ ಲ್ಯಾಪ್‌ಟಾಪಿನ ಆಡಿಯೋ ಇಂಟರ್‌ಫೇಸ್‌ಗೂ ಹಂಚುವುದು ಇದರ ಕೆಲಸ. ಒಳಗೆ ಇರುವುದು, ಎರಡು ಕಡೆಯ ತಂತಿ ಕೂಡಿಸದೆಯೇ ಸದ್ದನ್ನು ದಾಟಿಸುವ ಜೆನ್ಸನ್ ಕಂಪನಿಯ ಜೆಟಿ-ಎಂಬಿ-ಸಿ ಟ್ರಾನ್ಸ್‌ಫಾರ್ಮರ್. ಉಳಿದೆಲ್ಲ ಸಾಮಾನು ಸೇರಿದರೂ ಅದೊಂದರ ಬೆಲೆಗೆ ಸಮವಾಗಲಿಲ್ಲ.

ಅಷ್ಟು ಸುರಿದ ಮೇಲೂ ಮೊದಲ ವರ್ಷ ಸಿಟ್ಟೇ ಬಂದಿತ್ತು. ರಾತ್ರಿಯಿಡೀ ಆಟವಾದ್ದರಿಂದ ಲ್ಯಾಪ್‌ಟಾಪಿಗೆ ಮೂರು ಪಿನ್ನಿನ ಚಾರ್ಜರ್ ಬೇಕೇ ಬೇಕು. ಅದನ್ನು ಚುಚ್ಚಿದ ಕೂಡಲೇ 50 ಹರ್ಟ್ಸ್‌ನ ಗುಂಯ್‌ಗುಡುವ ಸದ್ದು. ಎರಡು ಕಡೆಯ ಗ್ರೌಂಡ್ ಸೇರಿದರೆ ಹೀಗೆ ಗುಂಯ್‌ಗುಡುತ್ತದೆ; ಅದನ್ನು ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೂ ಹೋಗದು. ಮಳೆಗಾಲದಲ್ಲಿ ಪೆಟ್ಟಿಗೆ ಬಿಚ್ಚಿ ಮಲ್ಟಿಮೀಟರ್ ಹಿಡಿದಾಗ ಕಾರಣ ಸಿಕ್ಕಿತು. ಮೈಕ್ ತಂತಿ ಚುಚ್ಚುವ, ನನ್ನ ಕಡೆಯ ಎಕ್ಸ್‌ಎಲ್‌ಆರ್ ಸಾಕೆಟ್ಟಿನಲ್ಲಿ ಗ್ರೌಂಡಿನ 1ನೇ ಪಿನ್ನಿನಿಂದ ಲೋಹದ ಕವಚಕ್ಕೆ ಉಗುರಿನಷ್ಟು ಸಣ್ಣ ತಗಡಿನ ನಾಲಿಗೆಯೊಂದು ತಾಗಿಕೊಂಡಿತ್ತು. ಕವಚ ಅಲ್ಯೂಮಿನಿಯಂ ಪೆಟ್ಟಿಗೆಗೆ, ಪೆಟ್ಟಿಗೆ ಮಿಕ್ಸರ್‌ನ ಗ್ರೌಂಡಿಗೆ. ಸ್ವಿಚ್ ಬಿಡಿಸಿದ್ದನ್ನು ಪೆಟ್ಟಿಗೆಯೇ ಮತ್ತೆ ಜೋಡಿಸುತ್ತಿತ್ತು. ನಾಲಿಗೆಯನ್ನು ಕತ್ತರಿಸಿ ತೆಗೆದೆ.

ಆಮೇಲಿನ ನಿಶ್ಶಬ್ದವನ್ನು ಕೇಳಿಯೇ ತಿಳಿಯಬೇಕು. ಭಾಗವತರು ಸಾಲು ಮುಗಿಸಿ ಉಸಿರೆಳೆಯುವಾಗ ಜಾಗಟೆಯ ನಾದ ಕರಗುತ್ತ ಹೋಗುವುದು ಈಗ ಕೊನೆಯವರೆಗೂ ಕೇಳಿಸುತ್ತದೆ. ವೇಷದ ಮನೆಯಲ್ಲಿ ನಡೆಯುವ ಚೌಕಿಪೂಜೆಗೆ ಮೊದಲೇ ಹೋಗಿ ಭಾಗವತರ ಆಸನದ ಪಕ್ಕ ಕುಳಿತು, ಹೆಡ್‌ಫೋನ್ ಹಾಕಿಕೊಂಡು, ಪೆಟ್ಟಿಗೆಯನ್ನು ಅಂಗೈಯಿಂದ ಮೆಲ್ಲನೆ ತಿರುಗಿಸುತ್ತೇನೆ. ಹತ್ತಿರದ ಆಂಪ್ಲಿಫೈಯರ್‌ನ ಕಾಂತಕ್ಷೇತ್ರ ಟ್ರಾನ್ಸ್‌ಫಾರ್ಮರ್‌ನ ಕವಚವನ್ನೂ ದಾಟಿ ಒಂದಿಷ್ಟು ಒಳಗೆ ಬರುತ್ತದೆ. ಯಾವುದೋ ಒಂದು ಕೋನದಲ್ಲಿ ಅದೂ ಇಲ್ಲವಾಗುತ್ತದೆ. ಅಲ್ಲಿಗೇ ಟೇಪ್ ಅಂಟಿಸಿಬಿಡುತ್ತೇನೆ.

ಕೊರತೆ ಒಂದು ಉಳಿದಿದೆ. ಮೈಕ್ ಮಿಕ್ಸರ್‌ಗೆ ನೇರವಾಗಿ ಜೋಡಿದೆ, ನನಗೆ ಟ್ರಾನ್ಸ್‌ಫಾರ್ಮರ್ ಮೂಲಕ; ಟ್ರಾನ್ಸ್‌ಫಾರ್ಮರ್ ನೇರ ವಿದ್ಯುತ್ತನ್ನು (ಡಿಸಿ) ದಾಟಿಸುವುದಿಲ್ಲ. ಹೀಗಾಗಿ ಕಂಡೆನ್ಸರ್ ಮೈಕ್ ಇಟ್ಟ ಕಡೆ ಅದಕ್ಕೆ ಬೇಕಾದ 48 ವೋಲ್ಟ್ ಫ್ಯಾಂಟಮ್ (ಮೈಕಿನ ತಂತಿಯಲ್ಲೇ ಹೋಗುವ ವಿದ್ಯುತ್ತು) ಕೊಡಿ ಎಂದು ಮಿಕ್ಸರ್‌ನವರನ್ನೇ ಕೇಳಬೇಕು. ಪ್ರತಿ ಮೈಕಿಗೂ ಬೇರೆ ಸ್ವಿಚ್ ಇಲ್ಲದ ಮಿಕ್ಸರ್ ಆದರೆ ಕೆಲವರು ಒಪ್ಪುವುದಿಲ್ಲ. ನೇರ ಜೋಡಣೆ ನನ್ನ ಕಡೆಗೆ ಬರುವಂತೆ ತಂತಿಯನ್ನು ಅದಲುಬದಲು ಮಾಡಿದರೆ ಫ್ಯಾಂಟಮ್ ನನ್ನ ಕೈಗೆ ಬರುತ್ತದೆ, ನಿಜ. ಆದರೆ ಯುದ್ಧದ ಪದ್ಯದ ನಡುವೆ ನನ್ನ ಲ್ಯಾಪ್‌ಟಾಪ್ ನಿಂತರೆ ಅಷ್ಟೂ ಪ್ರೇಕ್ಷಕರಿಗೆ ಭಾಗವತರ ಸ್ವರ ನಿಲ್ಲುತ್ತದೆ. ನನಗೆ ಮುದ್ರಣ ತಪ್ಪಿದರೂ ಸರಿ, ಆ ಬದಲಾವಣೆ ಬೇಡ.

ಮದ್ದಳೆಗೆಂದು ಇನ್ನೊಂದು ಟ್ರಾನ್ಸ್‌ಫಾರ್ಮರ್ ತರಿಸಿದ್ದೇನೆ. ಸಾಕೆಟ್ಟಿನ ನಾಲಿಗೆಯನ್ನು ಈ ಸಲ ಮೊದಲೇ ಕತ್ತರಿಸಿ ಇಟ್ಟಾಗಿದೆ.